ಡ್ಯಾನ್ಸ್ ಜೊತೆ ವಿಜ್ಞಾನವೂ ಇರಲಿ
ಸಂಪಾದಕರೇ,

ಹಿಪ್ ಹಾಪ್ ಡ್ಯಾನ್ಸ್ ಮಾಡುತ್ತಲೇ ವೇದಿಕೆ ಮೇಲೆ ವಿಜ್ಞಾನದ ಪ್ರಯೋಗ ತೋರಿಸುವವರನ್ನು ಕೆಲವರು ‘ಸುಮ್ನೆ ಗಿಮಿಕ್’ ಅಂತ ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ತಲೆ ಮೇಲೆ ನಿಂತು ಗಿರಗಿರ ತಿರುಗುವ ಡ್ಯಾನ್ಸರ್ ಚಾಚಿದ ಕಾಲುಗಳನ್ನು ಒಳಗೆ ಎಳೆದುಕೊಂಡ ಕೂಡಲೇ ವೇಗ ಏರುತ್ತದೆ, ಕೋನೀಯ ಸಂವೇಗದ (ತಿರುಗುವ ವಸ್ತುವಿನ ಚಲನೆಯ ಅಳತೆ) ಪಾಠ ಅದೇ ಅಲ್ವಾ, ಬೋರ್ಡ್ ಮೇಲಿನ ಸೂತ್ರಕ್ಕೆ ಆಕಳಿಸುವ ಮಕ್ಕಳೂ ಇದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಅದ್ದಿದ ಬಲೂನ್ ಮುದುಡುತ್ತದೆ, ಹೊರಗೆ ತೆಗೆದರೆ ಮತ್ತೆ ಉಬ್ಬುತ್ತದೆ.

ಆದರೆ ಕಾರಣ ಹೇಳದೆ ಬರೀ ಹೊಗೆ ತೋರಿಸಿದರೆ ಅದು ಜಾದೂ ಅಷ್ಟೇ. (ದ್ರವ ಸಾರಜನಕದ ಸುತ್ತ ಏಳುವ ಆ ಬಿಳಿ ಹೊಗೆ ಸಾರಜನಕವಲ್ಲ, ತಣ್ಣಗಾದ ಗಾಳಿಯಲ್ಲಿನ ನೀರಿನ ಹನಿಗಳು!) ಶಾಲೆಗಳು ಇಂಥವರನ್ನು ಕರೆಸಲಿ, ಮಕ್ಕಳನ್ನು ಸ್ವಲ್ಪ ದೂರವೇ ಕೂರಿಸಲಿ, ಪ್ರಶ್ನೆ ಕೇಳಲು ಮಾತ್ರ ಜಾಸ್ತಿ ಸಮಯ ಕೊಡಲಿ.

– ಓರ್ವ ಓದುಗ