ರಕ್ತ ತೆಗೆಯುವವರನ್ನು ಆರಿಸುವಾಗ: ಚಿಕ್ಕಮಗಳೂರಿನ ಗೆಳೆಯನಿಗೊಂದು ಪತ್ರ

ಹಾಸನ

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ನಿನ್ನ ಲ್ಯಾಬಿಗೆ ಮುಂದಿನ ತಿಂಗಳು ಇಬ್ಬರು ಫ್ಲೆಬಾಟಮಿಸ್ಟರನ್ನು, ಅಂದರೆ ಪರೀಕ್ಷೆಗೆ ರಕ್ತ ತೆಗೆಯುವವರನ್ನು, ತೆಗೆದುಕೊಳ್ಳಬೇಕಾಗಿದೆ, ಆದರೆ ಸಂದರ್ಶನದಲ್ಲಿ ಏನು ಕೇಳಬೇಕೆಂದೇ ತೋಚುತ್ತಿಲ್ಲ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗ ಬೆಳಗಿನ ಹೊತ್ತು, ಎದುರಿಗೆ ರೋಗಿಗಳು ಕುಳಿತಿದ್ದರು; ಎರಡೇ ಮಾತಿನಲ್ಲಿ ಮುಗಿಸಿಬಿಟ್ಟೆ. ಕಳೆದ ಭಾನುವಾರ ನಮ್ಮಲ್ಲಿಯೂ ಇದೇ ಕೆಲಸಕ್ಕೆ ಸಂದರ್ಶನ ನಡೆಯಿತು. ಎರಡು ಜಾಗಗಳಿಗೆ 11 ಮಂದಿ ಬಂದಿದ್ದರು. ಅರಸೀಕೆರೆ, ಹೊಳೆನರಸೀಪುರ, ಅರಕಲಗೂಡು ಕಡೆಯಿಂದ ಮೊದಲ ಬಸ್ಸು ಹಿಡಿದು ಬಂದವರೇ ಹೆಚ್ಚು. ಹೆಚ್ಚಿನವರು ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ ಆದ ಡಿಎಂಎಲ್‌ಟಿ ಮುಗಿಸಿದವರು, ಒಂದಿಬ್ಬರು ಬಿಎಸ್ಸಿ ಮಾಡಿದವರು. ಸಂಜೆಯ ಹೊತ್ತಿಗೆ ನನ್ನ ಎಣಿಕೆಗಳಲ್ಲಿ ಕೆಲವು ಬದಲಾಗಿದ್ದವು. ಅದನ್ನು ನಿನಗೆ ಬಿಡಿಸಿ ಬರೆಯಬೇಕೆನಿಸಿತು.

ನಮ್ಮ ಕಡೆ ರಕ್ತ ತೆಗೆಯುವವರನ್ನು ಜನ ಅಳೆಯುವುದು ಕೈಗುಣದಿಂದ. 'ಆ ಹುಡುಗಿಯ ಕೈಗುಣ ಚೆನ್ನಾಗಿದೆ, ಚುಚ್ಚಿದ್ದೇ ಗೊತ್ತಾಗಲಿಲ್ಲ' ಎಂದು ಒಬ್ಬರು ಹೇಳಿದರೆ ಮರುದಿನ ಅವರ ಬೀದಿಯವರೆಲ್ಲ ಅವಳನ್ನೇ ಕೇಳಿಕೊಂಡು ಬರುತ್ತಾರೆ. ನಾನೂ ಇಷ್ಟು ವರ್ಷ ಅದನ್ನೇ ಮೊದಲು ನೋಡುತ್ತಿದ್ದೆ. ಈ ಸಲ ಅದನ್ನು ಕೊನೆಗೆ ಇಟ್ಟುಕೊಂಡೆ. ಕೈ ಪಳಗುವುದಕ್ಕೆ ಕೆಲವು ತಿಂಗಳು ಸಾಕು. ತಾನು ಮಾಡಿದ ತಪ್ಪನ್ನು ತಾನೇ ಬಂದು ಹೇಳುವ ಅಭ್ಯಾಸ ಇಲ್ಲದವರಿಗೆ ಅದನ್ನು ಕಲಿಸುವುದು ನನ್ನಿಂದ ಆಗಿಲ್ಲ.

ಇದನ್ನು ಹೇಳುವ ಹಕ್ಕು ನನಗೆ ಬಂದದ್ದು ನನ್ನದೇ ಒಂದು ತಪ್ಪಿನಿಂದ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಬ್ಬ ವೃದ್ಧೆಯ ರಕ್ತ ತೆಗೆಯುವಾಗ ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಬಂದಿತು, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಬೇಕಾದದ್ದಕ್ಕಿಂತ ಹೆಚ್ಚಿತ್ತು. ಆಕೆಗೆ ಮತ್ತೊಮ್ಮೆ ಚುಚ್ಚಲು ಮನಸ್ಸು ಬಾರದೆ ನೇರಳೆಯಿಂದ ಒಂದಿಷ್ಟನ್ನು ಕೆಂಪು ಟ್ಯೂಬಿಗೆ ಸುರಿದೆ. ನೇರಳೆ ಟ್ಯೂಬಿನಲ್ಲಿರುವ ಇಡಿಟಿಎ ಪೊಟ್ಯಾಸಿಯಂ ಲವಣ ಎಂಬುದೂ, ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವುದೇ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಎಂಬುದೂ ಪರೀಕ್ಷೆಗೆ ಓದಿ ಬರೆದಿದ್ದ ನನಗೆ ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ. ವರದಿಯಲ್ಲಿ ಪೊಟ್ಯಾಸಿಯಂ ಹೃದಯ ನಿಂತುಹೋಗುವಷ್ಟು ಏರಿತ್ತು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಇಳಿದಿತ್ತು. ಆ ವೃದ್ಧೆ ಮಾತ್ರ ಹೊರಗಿನ ಬೆಂಚಿನ ಮೇಲೆ ಮೊಮ್ಮಗನೊಡನೆ ಮಾತನಾಡುತ್ತ ಕುಳಿತಿದ್ದರು. ಎರಡು ಅಂಕಿಗಳನ್ನೂ ಒಟ್ಟಿಗೆ ನೋಡಿದ ನಮ್ಮ ಹಿರಿಯ ಟೆಕ್ನಿಷಿಯನ್ ನನ್ನನ್ನು ಪಕ್ಕಕ್ಕೆ ಕರೆದು, 'ಯಾವ ಟ್ಯೂಬಿನಿಂದ ಯಾವುದಕ್ಕೆ ಹಾಕಿದೆ?' ಎಂದಷ್ಟೇ ಕೇಳಿದರು. ಹೇಳಿದೆ. ಅವರು ಗದರಲಿಲ್ಲ. ಹೊಸದಾಗಿ ರಕ್ತ ತೆಗೆದು ನೋಡಿದಾಗ ಎರಡೂ ಸರಿಯಾಗಿದ್ದವು. ಅಂದು ಅವರು ಎಲ್ಲರೆದುರು ಕೂಗಾಡಿದ್ದರೆ ಮುಂದಿನ ತಪ್ಪನ್ನು ನಾನು ಮುಚ್ಚಿಡುತ್ತಿದ್ದೆ ಎಂದು ಈಗಲೂ ಅನಿಸುತ್ತದೆ.

ಆದ್ದರಿಂದ ಯಾವ ಟ್ಯೂಬಿನ ನಂತರ ಯಾವುದಕ್ಕೆ ರಕ್ತ ತುಂಬಬೇಕೆಂಬ ಕ್ರಮವನ್ನು ಕೇಳುವಾಗ ಬಣ್ಣಗಳ ಪಟ್ಟಿಯನ್ನು ಒಪ್ಪಿಸಿದರೆ ಸಾಲದು, ಕಾರಣ ಹೇಳಿ ಎಂದು ಕೇಳಿದೆ. ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಕಲ್ಚರ್ ಮೊದಲು, ಆಮೇಲೆ ಸಿಟ್ರೇಟಿನ ನೀಲಿ, ನಂತರ ಸೀರಮ್ಮಿನ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವದ) ಕೆಂಪು ಅಥವಾ ಹಳದಿ, ಹೆಪಾರಿನ್ನಿನ ಹಸಿರು, ಇಡಿಟಿಎಯ ನೇರಳೆ, ಕೊನೆಗೆ ಫ್ಲೋರೈಡಿನ ಬೂದು ಎಂದು ಎಂಟು ಮಂದಿ ತಡವರಿಸದೆ ಹೇಳಿದರು. ನೇರಳೆ ಏಕೆ ಕೆಂಪಿನ ನಂತರ ಬರಬೇಕು ಎಂದಾಗ, ಅದರ ಇಡಿಟಿಎ ಸೂಜಿಯೊಂದಿಗೆ ಕೆಂಪಿಗೆ ಸೇರಬಾರದೆಂದು ಉತ್ತರಿಸಿದವರು ಮೂವರೇ. ನೀಲಿ ಟ್ಯೂಬನ್ನು ಗುರುತಿನವರೆಗೆ ಏಕೆ ತುಂಬಿಸಲೇಬೇಕು ಎಂಬುದಕ್ಕೆ ಒಬ್ಬಳು ಮಾತ್ರ ಸರಿಯಾಗಿ ಹೇಳಿದಳು: ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಲೆಕ್ಕ ತಪ್ಪಿದರೆ ರಕ್ತ ಹೆಪ್ಪುಗಟ್ಟುವ ಸಮಯ ಸುಳ್ಳಾಗಿ ಹೆಚ್ಚು ತೋರಿಸುತ್ತದೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಡಾಕ್ಟರು ಆ ಅಂಕಿಯನ್ನು ನಂಬಿಯೇ ಮಾತ್ರೆ ಕಡಿಮೆ ಮಾಡಿಬಿಡಬಹುದು. ಅವಳು ಅಂಕಿಯಿಂದ ರೋಗಿಯವರೆಗೆ ಹೋಗಿ ಮುಟ್ಟಿದ್ದು ನನಗೆ ಬಹಳ ಹಿಡಿಸಿತು.

ಆಮೇಲೆ ಒಂದು ಸಣ್ಣ ಪ್ರಯೋಗ ಮಾಡಿದೆ. ನಮ್ಮ ರಿಸೆಪ್ಷನ್ನಿನಲ್ಲಿರುವ ಹುಡುಗಿಯನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿ, ಕೈಗೆ ಬೇರೆ ಹೆಸರಿನ ಚೀಟಿಯೊಂದನ್ನು ಕೊಟ್ಟು, ಯಾರು ಏನೇ ಕೇಳಿದರೂ 'ಹೂಂ' ಎನ್ನು ಎಂದು ಹೇಳಿಕೊಟ್ಟಿದ್ದೆ. ಬಂದವರಲ್ಲಿ ಹೆಚ್ಚಿನವರು 'ನೀವು ಲಕ್ಷ್ಮಮ್ಮ ತಾನೆ?' ಎಂದು ಕೇಳಿದರು, ಅವಳು 'ಹೂಂ' ಎಂದಳು, ಅವರು ತೋಳಿಗೆ ಪಟ್ಟಿ ಕಟ್ಟಲು ಮುಂದಾದರು. ನಮ್ಮ ಹಳ್ಳಿಗಳ ಹಿರಿಯರು ಬಿಳಿ ಕೋಟು ಹಾಕಿದವರು ಏನು ಕೇಳಿದರೂ ಹೂಂ ಎನ್ನುವವರು. ಕಿವಿ ಮಂದವಾದವರಂತೂ ಇನ್ನೂ ಬೇಗ ಹೂಂ ಎನ್ನುತ್ತಾರೆ. ಒಂದೇ ಬೆಳಿಗ್ಗೆ ನಮ್ಮಲ್ಲಿ ಇಬ್ಬರು ಲಕ್ಷ್ಮಮ್ಮಂದಿರು ಕುಳಿತಿರುವುದು ಅಪರೂಪವೇನಲ್ಲ. 'ನಿಮ್ಮ ಹೆಸರು ಹೇಳಿ' ಎಂದು ಕೇಳಿ, ವಯಸ್ಸನ್ನೋ ನೋಂದಣಿ ಸಂಖ್ಯೆಯನ್ನೋ ಜೊತೆಗೆ ತಾಳೆ ನೋಡಿದವರು ನಾಲ್ವರು ಮಾತ್ರ. ಈ ಪ್ರಯೋಗವನ್ನು ನೀನೂ ಮಾಡಲೇಬೇಕು; ಅರ್ಜಿಯಲ್ಲಿ ಎಲ್ಲಿಯೂ ಕಾಣದ ಸಂಗತಿ ಇದರಲ್ಲಿ ಕಾಣುತ್ತದೆ.

ಚುಚ್ಚುವುದನ್ನು ನೋಡಲು ರೋಗಿಗಳ ಮೇಲೆ ಪರೀಕ್ಷೆ ಮಾಡಿಸಬೇಡ. ಹಾಗೆ ಮಾಡಿಸುವ ಲ್ಯಾಬುಗಳಿವೆ, ನನಗೆ ಅದು ಎಂದೂ ಸರಿಕಂಡಿಲ್ಲ. ರಕ್ತ ಕೊಡಲು ಬಂದವರು ನಮ್ಮ ಸಂದರ್ಶನಕ್ಕೆ ತೋಳು ಒಡ್ಡಲು ಬಂದವರಲ್ಲ. ನಾನು ರಬ್ಬರಿನ ಕೃತಕ ತೋಳನ್ನು ಇಟ್ಟಿದ್ದೆ. ಸೂಜಿ ನೆಟ್ಟಿತೋ ಇಲ್ಲವೋ ಎಂಬುದಕ್ಕಿಂತ ಅದರ ಹಿಂದು ಮುಂದಿನದನ್ನು ಗಮನಿಸಿದೆ. ಸ್ಪಿರಿಟ್ ಒರೆಸಿದ ಮೇಲೆ ಅದು ಆರುವವರೆಗೆ ಕಾಯುತ್ತಾರೆಯೇ, ಒರೆಸಿದ ಜಾಗವನ್ನು ಮತ್ತೆ ಬೆರಳಿನಿಂದ ಮುಟ್ಟುತ್ತಾರೆಯೇ, ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿದಿಡುತ್ತಾರೆಯೇ, ಮುಷ್ಟಿಯನ್ನು ಬಿಚ್ಚಿ ಮುಚ್ಚಿ ಮಾಡಿಸುತ್ತಾರೆಯೇ. ಮುಷ್ಟಿ ಹಾಗೆ ಮಾಡಿಸಿದರೆ ನರ ಉಬ್ಬುತ್ತದೆ, ನಿಜ, ಆದರೆ ಪೊಟ್ಯಾಸಿಯಂ ಕೂಡ ಏರುತ್ತದೆ ಎಂಬುದು ಅನುಭವಿಗಳಿಗೂ ಗೊತ್ತಿರಲಿಲ್ಲ. ಸಿರಿಂಜಿನಿಂದ ಟ್ಯೂಬಿಗೆ ರಕ್ತವನ್ನು ಒತ್ತಿ ಚಿಮ್ಮಿಸಿದವರು, ಟ್ಯೂಬನ್ನು ಔಷಧಿ ಬಾಟಲಿಯಂತೆ ಕುಲುಕಿದವರು ಇಬ್ಬರಿದ್ದರು. ಕೆಂಪು ರಕ್ತಕಣಗಳು ಒಡೆದು ಸೀರಮ್ ಕೆಂಪಾಗಿ ನಿಂತಾಗ ರೋಗಿಯನ್ನು ಮತ್ತೆ ಕರೆಸಬೇಕಾದ ಕಷ್ಟ ನಿನಗೆ ನಾನು ಹೇಳಬೇಕಾಗಿಲ್ಲ.

ಊರಿಗೆ ತಕ್ಕ ಪ್ರಶ್ನೆಗಳನ್ನೂ ಸೇರಿಸಿಕೋ. ನಿನ್ನ ಕಡೆಯಲ್ಲಂತೂ ಖಾಲಿ ಹೊಟ್ಟೆ ಎಂದರೆ ತಿಂಡಿ ತಿಂದಿಲ್ಲ ಎಂದಷ್ಟೇ ಅರ್ಥ. ಬೆಳಗಿನ ಕಾಫಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 'ಏನಾದರೂ ತಿಂದಿದ್ದೀರಾ?' ಎಂದು ಕೇಳಿದರೆ ಇಲ್ಲವೆನ್ನುತ್ತಾರೆ, 'ಕಾಫಿ ಕುಡಿದಿರಾ?' ಎಂದು ಕೇಳಿದರೆ ಮಾತ್ರ ಹಾಲು ಸಕ್ಕರೆ ಹಾಕಿದ ಕಾಫಿ ಹೊರಗೆ ಬರುತ್ತದೆ. ಇದನ್ನು ನಾನು ಹೇಳಿಕೊಡದೆ ತಾನಾಗಿ ಹೇಳಿದವನು ತೋಟದ ಲೈನ್ ಮನೆಗಳಿಗೆ ಹೋಗಿ ರಕ್ತ ತಂದ ಅನುಭವವಿದ್ದ ಸಕಲೇಶಪುರದ ಹುಡುಗ. ಮಳೆಗಾಲದ ಬೆಳಿಗ್ಗೆ ಕೈ ಮರಗಟ್ಟಿದ ಕೂಲಿಯವರ ನರ ಕಾಣದಿದ್ದರೆ ಬೆಚ್ಚನೆಯ ಬಟ್ಟೆ ಸುತ್ತಿ ಕೆಲವು ನಿಮಿಷ ಕಾಯುತ್ತೇನೆ, ಕೈಯನ್ನು ಕೆಳಗೆ ಇಳಿಬಿಡಿಸುತ್ತೇನೆ ಎಂದ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಸಕ್ಕರೆ ಪರೀಕ್ಷೆಯ ರಕ್ತವನ್ನು ಬೂದು ಟ್ಯೂಬಿಗೆ ಹಾಕದೆ ತಂದರೆ ರಕ್ತಕಣಗಳೇ ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆಯನ್ನು ತಿಂದುಹಾಕುತ್ತವೆ ಎಂದು ನಾನು ವಿವರಿಸುತ್ತಿದ್ದಾಗ ಆತ ತನ್ನ ಸಣ್ಣ ಪುಸ್ತಕ ತೆಗೆದು ಬರೆದುಕೊಂಡ. ಗೊತ್ತಿಲ್ಲದ್ದನ್ನು ಸಂದರ್ಶನದ ಮಧ್ಯದಲ್ಲಿಯೇ ಬರೆದುಕೊಂಡ ಅಭ್ಯರ್ಥಿಯನ್ನು ನಾನು ಕಂಡದ್ದು ಇದೇ ಮೊದಲು.

ನಾನು ಹೆಚ್ಚು ಹೊತ್ತು ನಿಂತ ಪ್ರಶ್ನೆ ಇದು: ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ, ಆಗ ಏನು ಮಾಡುತ್ತೀರಿ? ಹಲವರು ಇದನ್ನು ತಮ್ಮ ಸಾಮರ್ಥ್ಯದ ಪರೀಕ್ಷೆ ಎಂದು ತಿಳಿದು, 'ನನಗೆ ಎರಡನೆಯ ಸಲ ಬೇಕಾಗುವುದೇ ಇಲ್ಲ, ಸರ್' ಎಂದರು. ಒಬ್ಬರು ಸೂಜಿಯನ್ನು ಒಳಗೇ ಆಚೀಚೆ ಆಡಿಸಿ ಹುಡುಕುತ್ತೇನೆ ಎಂದರು. ಮೊಣಕೈಯ ಒಳಬದಿಯಲ್ಲಿ ಅಪಧಮನಿಯೂ ನರತಂತುವೂ ಎಷ್ಟು ಹತ್ತಿರದಲ್ಲಿವೆ ಎಂಬುದನ್ನು ನೆನೆದು ನನಗೆ ಮೈ ಜುಂ ಎಂದಿತು. ನೀಲಿ ಟ್ಯೂಬಿನ ಉತ್ತರ ಕೊಟ್ಟ ಅದೇ ಅರಕಲಗೂಡು ಕಡೆಯ ಹುಡುಗಿ ಸ್ವಲ್ಪ ಯೋಚಿಸಿ, 'ಎರಡು ಸಲವಾದ ಮೇಲೆ ನಾನು ನಿಲ್ಲಿಸುತ್ತೇನೆ. ನನ್ನಿಂದ ಆಗಲಿಲ್ಲ ಅಮ್ಮ, ನಮ್ಮ ಸೀನಿಯರನ್ನು ಕರೆಯುತ್ತೇನೆ ಎಂದು ಅವರಿಗೆ ಹೇಳುತ್ತೇನೆ' ಎಂದಳು. ಮಕ್ಕಳಿಗೆ ಏನು ಹೇಳುತ್ತೀಯಮ್ಮ ಎಂದು ಕೇಳಿದೆ. ನೋವಾಗುವುದೇ ಇಲ್ಲ ಎಂದು ಹೇಳಿದರೆ ಆ ಮಗು ಮುಂದಿನ ಸಲ ಯಾರನ್ನೂ ನಂಬುವುದಿಲ್ಲ, ಸ್ವಲ್ಪ ನೋಯುತ್ತದೆ, ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ ಎನ್ನುತ್ತೇನೆ ಎಂದಳು. ರಬ್ಬರ್ ತೋಳಿನಲ್ಲಿ ಅವಳ ಕೈ ನಡುಗಿತ್ತು, ಮೊದಲ ಸಲ ನರ ಸಿಕ್ಕಿರಲಿಲ್ಲ. ಅವಳನ್ನು ಆರಿಸಿಕೊಂಡೆ. ಇನ್ನೊಬ್ಬ ಆ ಸಕಲೇಶಪುರದ ಹುಡುಗ.

ನಾನು ಬಿಟ್ಟ ಒಬ್ಬರ ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಒಂಬತ್ತು ವರ್ಷ ಅನುಭವವಿರುವವರು, ಬೆಂಗಳೂರಿನಲ್ಲಿ ದುಡಿದು ತಂದೆತಾಯಿಗಾಗಿ ಊರಿಗೆ ಮರಳಿದವರು. ಅಂತಹ ಕೈಯನ್ನು ನಾನು ಇತ್ತೀಚೆಗೆ ನೋಡಿಲ್ಲ; ಕಟ್ಟಿದ ಪಟ್ಟಿ ಬಿಚ್ಚುವುದರೊಳಗೆ ಕೆಲಸ ಮುಗಿದಿತ್ತು. ಆದರೆ ಬೆಳಿಗ್ಗೆಯೇ ಎಲ್ಲ ರೋಗಿಗಳ ಟ್ಯೂಬುಗಳಿಗೂ ಲೇಬಲ್ ಅಂಟಿಸಿ ಸಾಲಾಗಿ ಇಟ್ಟುಕೊಳ್ಳುತ್ತೇನೆ, ಸಮಯ ಉಳಿಯುತ್ತದೆ ಎಂದರು. ರಕ್ತ ತೆಗೆದ ಮೇಲೆ, ರೋಗಿ ಏಳುವ ಮೊದಲು, ಅವರೆದುರಿಗೇ ಲೇಬಲ್ ಹಚ್ಚಬೇಕೆಂಬುದು ನಮ್ಮ ನಿಯಮವಲ್ಲವೇ ಎಂದೆ. ಅದೆಲ್ಲ ಪುಸ್ತಕದ ಮಾತು, ನನ್ನ ಕೈಯಲ್ಲಿ ಒಂದು ಸಲವೂ ಅದಲುಬದಲು ಆಗಿಲ್ಲ ಎಂದರು. ಆದದ್ದು ಗೊತ್ತಾಗುವುದು ಹೇಗೆ ಎಂದು ಕೇಳಿದಾಗ ಸುಮ್ಮನಾದರು. ರಕ್ತದ ಗುಂಪಿನ ಪರೀಕ್ಷೆಯ ಟ್ಯೂಬು ಒಂದು ಅದಲುಬದಲಾದರೆ ಏನಾಗುತ್ತದೆ ಎಂದು ನೆನೆದರೆ ನನಗೆ ಅಲ್ಲಿ ರಾಜಿಯಾಗಲು ಆಗಲಿಲ್ಲ.

ಇನ್ನೊಂದು ಸಂಗತಿ ಅಭ್ಯರ್ಥಿಗಳದ್ದಲ್ಲ, ನಮ್ಮಂತಹ ಕೆಲಸ ಕೊಡುವವರದ್ದು. ಬಳಸಿದ ಸೂಜಿ ನಿಮ್ಮ ಕೈಗೆ ಚುಚ್ಚಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಒಬ್ಬ ಹುಡುಗ ತಲೆ ತಗ್ಗಿಸಿ, ಹಿಂದಿನ ಕಡೆ ಹಾಗೆ ಆಗಿತ್ತು, ಸಂಬಳ ಹಿಡಿಯುತ್ತಾರೆಂದು ಯಾರಿಗೂ ಹೇಳಲಿಲ್ಲ ಎಂದ. ಹಿಂಡಬಾರದು, ಸೋಪು ನೀರಿನಿಂದ ತೊಳೆಯಬೇಕು, ಕೂಡಲೇ ತಿಳಿಸಬೇಕು, ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಅದನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು ಎಂಬುದು ಅವನಿಗೆ ಈಗ ಗೊತ್ತು, ಅಂದು ಹೇಳಿಕೊಟ್ಟವರಿರಲಿಲ್ಲ. 11 ಮಂದಿಯಲ್ಲಿ ಐವರಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಪೂರ್ತಿಯಾಗಿರಲಿಲ್ಲ. ಆ ಹುಡುಗನನ್ನು ನಾನು ತೆಗೆದುಕೊಳ್ಳಲಿಲ್ಲ, ಆದರೆ ರಕ್ತ ಪರೀಕ್ಷೆ ಮಾಡಿಸಿಯೇ ಕಳುಹಿಸಿದೆ. ನೀನು ಆರಿಸಿಕೊಳ್ಳುವವರಿಗೆ ಲಸಿಕೆಯ ಖರ್ಚನ್ನು ನೀನೇ ಕೊಡು. ಸೂಜಿಗಳಿಗೆ ಚುಚ್ಚಿಹೋಗದ ಬಿಳಿ ಡಬ್ಬಿಯನ್ನು ಪ್ರತಿ ಕುರ್ಚಿಯ ಪಕ್ಕದಲ್ಲಿಯೂ ಇಡು, ಕೋಣೆಯ ಮೂಲೆಯಲ್ಲಿ ಒಂದೇ ಇಟ್ಟರೆ ಸೂಜಿ ಹಿಡಿದುಕೊಂಡು ನಡೆಯಬೇಕಾಗುತ್ತದೆ.

ಕೃತಕ ತೋಳನ್ನು ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದೇನೆ. ಮುಂದಿನ ವಾರ ಬೇಲೂರಿನವರೆಗೆ ಬರುವ ಕೆಲಸವಿದೆ, ಅಲ್ಲಿಗೆ ಬಂದರೆ ಕೈಗೇ ಕೊಡುತ್ತೇನೆ. ಒಳಗಿನ ರಬ್ಬರ್ ನಾಳ ಒಂದು ಕಡೆ ಸೋರುತ್ತದೆ, ಬಳಸುವ ಮೊದಲು ನೋಡಿಕೋ. ಆ ಒಂಬತ್ತು ವರ್ಷದ ಅನುಭವಿ ನಿನ್ನಲ್ಲಿಗೂ ಅರ್ಜಿ ಹಾಕಬಹುದು, ಚಿಕ್ಕಮಗಳೂರಾದರೂ ಸರಿ ಎಂದು ಹೋಗುವಾಗ ಹೇಳಿದರು. ಬಂದರೆ ಲೇಬಲ್ಲಿನ ವಿಷಯವನ್ನೇ ಮೊದಲು ಕೇಳು. ಯೋಚಿಸಿ ಬೇರೆ ಉತ್ತರ ಕೊಟ್ಟರೆ ತೆಗೆದುಕೋ; ಅವರ ಪಕ್ಕದಲ್ಲಿ ನಿಂತು ನಿನ್ನ ಹೊಸಬರು ಕಲಿಯುವುದು ಬಹಳವಿದೆ.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ