ಅವ್ವ ನೊಂದುಕೊಂಡರೆ?

ಚಿರಂಜೀವಿ ಅಳಿಯನಿಗೆ, ಗದಗದಿಂದ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಸಿನಿಮಾದ ಕಥೆ ಓದಿದೆ. ಮೂರ್ತಿ ಹಾಲು ಕುಡಿಯುತ್ತದಂತೆ ಅಂತ ಹಾಲಿನ ಪಾಕೀಟು ಹಿಡಿದು ಊರಿಗೆ ಊರೇ ಗುಡಿಗೆ ಓಡುವ ಕಡೆ ಜೋರಾಗಿ ನಕ್ಕೆ. ಆದರೆ ಪತ್ರದ ಕೊನೆಗೆ "ಇದನ್ನು ನೋಡಿ ಅವ್ವ ನೊಂದುಕೊಂಡರೆ?" ಅಂತ ಬರೆದಿದ್ದೀಯಲ್ಲ, ಅಲ್ಲೇ ನನ್ನ ನಗು ನಿಂತಿತು.

ನಿನ್ನ ಅವ್ವ, ಅಂದರೆ ನನ್ನ ವೈನಿ, ನೊಂದುಕೊಳ್ಳುತ್ತಾರಾ? ಕಲ್ಲನಾಗರಕ್ಕೆ ಹಾಲೆರೆಯುವವರನ್ನು ಬಸವಣ್ಣನವರು ಕೆಣಕಿದ ವಚನ ನಿನಗೆ ಬಾಯಿಪಾಠ ಮಾಡಿಸಿದವರೇ ಅವರು. ಪ್ರಶ್ನೆಗೆ ಅವರು ಹೆದರುವುದಿಲ್ಲ. ಮಂದಿ ಕೂತು ನಗುವುದು ಬೇರೆ, ಅಲ್ವಾ?

1995ರ ಸೆಪ್ಟೆಂಬರ್ 21, ಗುರುವಾರ. ನೀನಿನ್ನೂ ಹುಟ್ಟಿರಲಿಲ್ಲ. ದಿಲ್ಲಿಯಲ್ಲಿ ಗಣಪತಿ ಹಾಲು ಕುಡಿದನಂತೆ ಅನ್ನುವ ಸುದ್ದಿ ಒಂದೇ ದಿನದಲ್ಲಿ ದೇಶವೆಲ್ಲ ಹಬ್ಬಿತು. ನಮ್ಮ ಓಣಿಯ ಗುಡಿಯ ಮುಂದೂ ಪಾಳಿ. ಮನೆಯಲ್ಲಿ ಹಾಲು ತೀರಿತ್ತು. ನಳದ ನೀರಿನ ಜಗಳದಲ್ಲಿ ನನ್ನ ಅವ್ವನ, ಅಂದರೆ ನಿನ್ನ ಅಜ್ಜಿಯ, ಜೊತೆ ಮಾತು ಬಿಟ್ಟಿದ್ದ ಪಕ್ಕದ ಮನೆಯಾಕೆ ತಾನೇ ಒಂದು ತಂಬಿಗೆ ಹಾಲು ತಂದುಕೊಟ್ಟಳು. ಇಬ್ಬರೂ ಕೂಡಿ ಪಾಳಿ ಹಚ್ಚಿದರು. ಅವ್ವ ಚಮಚವನ್ನು ಸೊಂಡಿಲಿಗೆ ತಾಗಿಸಿದಳು. ಹಾಲು ಕಡಿಮೆಯಾಯಿತು.

ಆಮೇಲೆ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದರು. ಮೇಲ್ಮೈ ಎಳೆತದಿಂದ ಹಾಲು ಚಮಚದ ಅಂಚು ದಾಟುತ್ತದೆ, ಮೂರ್ತಿಯ ಮೈಮೇಲೆ ತೆಳ್ಳಗೆ ಇಳಿದುಹೋಗುತ್ತದೆ. ಅವ್ವ ಎಲ್ಲ ಕೇಳಿ ಹೂಂ ಅಂದಳು, ಅಷ್ಟೇ. ಪಕ್ಕದ ಮನೆಯಾಕೆಯ ಜೊತೆ ಮಾತ್ರ ಮುಂದೆಂದೂ ಮಾತು ಬಿಡಲಿಲ್ಲ. ಅಂಥದ್ದೇನಾದರೂ ನಿನ್ನ ಕಥೆಯಲ್ಲಿದ್ದರೆ ವೈನಿಗೆ ಹಿಡಿಸಬಹುದೇನೋ. ಅವ್ವ ಅದನ್ನು ನಂಬಿದ್ದಳೋ ಇಲ್ಲವೋ, ನಾನು ಕೇಳಲೇ ಇಲ್ಲ. ಅವಳು ಹೋದ ಮೇಲೆ ಆ ಕೊರಗು ಉಳಿದಿದೆ.

ಹೌದು, ವೈನಿಗೆ ನೋವಾಗಬಹುದು. ಆಗುವುದಿಲ್ಲ ಅಂತ ನಾನು ಹೇಗೆ ಹೇಳಲಿ? ನಿನ್ನ ಕಥೆಯಲ್ಲಿ ಚಮಚ ಹಿಡಿದ ಮುದುಕಿಯ ಕೈ ನಡುಗುವುದನ್ನು ತೋರಿಸಿ ನಗಿಸುವ ಜಾಗ ಇದೆಯಲ್ಲ, ಅಲ್ಲಿ ನನಗೇ ಕಸಿವಿಸಿಯಾಯಿತು. ರಾತ್ರೋರಾತ್ರಿ ಹುಂಡಿ ತಂದಿಟ್ಟವನನ್ನು ನೋಡಿ ಎಷ್ಟು ಬೇಕಾದರೂ ನಗಲಿ. ಸಿನಿಮಾ ಮಾಡುವ ಬಗೆ ನನಗೆ ತಿಳಿಯದು, ಸರಿ ಕಾಣದಿದ್ದರೆ ಬಿಟ್ಟುಬಿಡು.

ಸೆನ್ಸಾರ್‌ನವರ ಮಾತು ಆಮೇಲೆ. ಶೂಟಿಂಗ್ ಶುರುವಾಗುವ ಮೊದಲೇ ವೈನಿಗೆ ಇಡೀ ಕಥೆ ಓದಿ ಹೇಳು, ನಗುವ ಕಡೆಗಳನ್ನೂ ಬಿಡದೆ. ಅವರು ಸುಮ್ಮನಾದರೆ ಎದ್ದು ಹೋಗಬೇಡ. ಬೈದರೆ ಬೈಸಿಕೋ. ಒಬ್ಬನೇ ಕೂರಲು ಧೈರ್ಯ ಸಾಲದಿದ್ದರೆ ಫೋನ್ ಮಾಡು. ಗದಗದಿಂದ ಹುಬ್ಬಳ್ಳಿ ದೂರವೇನಲ್ಲ, ಬೆಳಗಿನ ರೈಲಿಗೇ ಬರುತ್ತೇನೆ.

ಇಂತಿ,
ನಿನ್ನ ಅತ್ತೆ