ಈರುಳ್ಳಿ ಹೆಚ್ಚೋ ಕೆಲಸ ಕೊಟ್ಟವರಿಗೆ

ಹೋದ ಭಾನುವಾರ ಪ್ಲಾಸ್ಟ್ ಅನ್ನೋ ಉಕ್ರೇನಿಯನ್ ಸ್ಕೌಟ್ಸ್‌ನ ಶಿಬಿರದಿಂದ ವಾಪಸ್ ಬಂದೆವು. ಎರಡು ಸಲ ಒಗೆದರೂ ಬಟ್ಟೆಯಿಂದ ಹೊಗೆ ವಾಸನೆ ಹೋಗಿಲ್ಲ. ಇದು ನನ್ನ ಹತ್ತನೇ ಶಿಬಿರ. ಮಗಳಿಗೂ ಹತ್ತನೆಯದು. ಚಿಕ್ಕವಳಿದ್ದಾಗ ಅಳುತ್ತಾ ಹೋದವಳು ಈ ಸಲ ಅಳೋ ಪುಟಾಣಿಗಳನ್ನು ಸಮಾಧಾನ ಮಾಡೋ ಅಕ್ಕ ಆಗಿದ್ದಳು. ಇವತ್ತು ನಾನು ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಒಬ್ಬರಿಗೂ ಕನ್ನಡ ಓದಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದಾಯಿತು, ನನ್ನ ಹರಕುಮುರುಕು ಉಕ್ರೇನಿಯನ್‌ನಲ್ಲೂ ಹೇಳಿದ್ದಾಯಿತು. ಆದರೂ ಹೇಳಿದ ಹಾಗೆ ಅನ್ನಿಸಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ನಮ್ಮ ಮನೆಯವರು ಟೊರೊಂಟೊದಲ್ಲೇ ಹುಟ್ಟಿದ ಉಕ್ರೇನಿಯನ್. ಪ್ಲಾಸ್ಟ್ ಅಂದರೆ ಅವರ ಜನರ ಸ್ಕೌಟ್ಸ್. ನಾನೂ ದಾವಣಗೆರೆಯಲ್ಲಿ ಗೈಡ್ಸ್‌ನ ಪುಟಾಣಿ ದಳದಲ್ಲಿ ಬುಲ್‌ಬುಲ್ ಆಗಿದ್ದವಳು, ಕೊಂಡಜ್ಜಿ ಕೆರೆ ಪಕ್ಕದ ಶಿಬಿರದಲ್ಲಿ ಹಗ್ಗಕ್ಕೆ ಗಂಟು ಹಾಕೋದು ಕಲಿತವಳು, ಹಾಗಾಗಿ ಇದೇನು ಮಹಾ ಅಂದುಕೊಂಡಿದ್ದೆ. ನಮ್ಮಲ್ಲಿ ಅಪ್ಪ ಅಮ್ಮ ಬಸ್ಸಿನ ತನಕ ಬಂದು ಟಾಟಾ ಮಾಡಿದರೆ ಅವರ ಕೆಲಸ ಮುಗಿಯಿತು, ಅಲ್ವಾ? ಇಲ್ಲಿ ಹಾಗಲ್ಲ. ಚಿಕ್ಕವರು ನೊವಾಕಿ, ಹನ್ನೊಂದು ಹನ್ನೆರಡು ದಾಟಿದರೆ ಯುನಾಕಿ, 18 ಆದಮೇಲೆ ಹಿರಿಯ ಪ್ಲಾಸ್ಟುನ್, 35 ದಾಟಿದರೆ ಸೀನಿಯರ್. ರಿಟೈರ್ ಆಗೋದು ಅಂತ ಒಂದು ಇಲ್ಲವೇ ಇಲ್ಲ. ನನ್ನ ಹಾಗೆ ಹೊರಗಿನಿಂದ ಬಂದ ತಾಯಿ ತಂದೆಯರಿಗೂ ಪ್ಲಾಸ್ಟ್‌ಪ್ರಿಯಾತ್ ಅಂತ ಒಂದು ಗುಂಪಿದೆ. ಅಂದರೆ ಪ್ಲಾಸ್ಟಿನ ಗೆಳೆಯರು. ಕೇಳೋಕೆ ಚೆನ್ನಾಗಿದೆ. ಕೆಲಸ ಮಾತ್ರ ಪಾತ್ರೆ ತೊಳೆಯೋದು, ಲೆಕ್ಕ ಬರೆಯೋದು, ಟೆಂಟ್ ಹೊಲಿಯೋದು.

ಫೆಬ್ರವರಿಯಲ್ಲಿ ನಮ್ಮ ಮನೆಯವರಿಗೆ ಬೈಪಾಸ್ ಆಯಿತು. ಅದರ ಬಗ್ಗೆ ಜಾಸ್ತಿ ಹೇಳಲ್ಲ. ಆ ಆರು ವಾರ ಪ್ರತಿ ಶನಿವಾರ ಯಾರೋ ಒಬ್ಬರು ಬಂದು ಮಗಳನ್ನು ಕೂಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬಾಗಿಲ ಮುಂದೆ ಬೋರ್ಶ್ಟ್ (ಬೀಟ್‌ರೂಟ್ ಸೂಪ್) ತುಂಬಿದ ಡಬ್ಬಿಗಳು ಇರುತ್ತಿದ್ದವು, ಮೇಲೆ ಸಬ್ಬಸಿಗೆ ಸೊಪ್ಪು ಉದುರಿಸಿ. (ಅವರಿಗೆ ಸಬ್ಬಸಿಗೆ ಇಲ್ಲದೆ ಊಟವೇ ಇಲ್ಲ, ಆ ಒಂದು ವಿಷಯಕ್ಕೆ ನನಗೂ ಅತ್ತೆಗೂ ಮೊದಲ ದಿನದಿಂದ ಹೊಂದಿಕೊಂಡಿತು.) ರಾತ್ರಿ ಹಿಮ ಬಿದ್ದರೆ ಬೆಳಗ್ಗೆ ನಾನು ಏಳುವಷ್ಟರಲ್ಲಿ ಕಾರಿನ ದಾರಿ ಸ್ವಚ್ಛ ಆಗಿರುತ್ತಿತ್ತು. ಯಾರು ಮಾಡಿದರು ಅಂತ ಇವತ್ತಿನವರೆಗೂ ಒಬ್ಬರೂ ಬಾಯಿ ಬಿಟ್ಟಿಲ್ಲ.

ಆದರೆ ನಾನು ಮುಖ್ಯವಾಗಿ ಥ್ಯಾಂಕ್ಸ್ ಹೇಳಬೇಕಿರೋದು ಮೇ ತಿಂಗಳ ಒಂದು ಫೋನಿಗೆ. ಎಲ್ಲರೂ ಮೆಲ್ಲಗಿನ ದನಿಯಲ್ಲಿ "ಹೇಗಿದ್ದೀರಿ" ಅಂತ ಕೇಳಿ ಕೇಳಿ ನನಗೆ ಸಾಕಾಗಿತ್ತು. ಅಡುಗೆಮನೆ ನೋಡಿಕೊಳ್ಳೋ ಹಿರಿಯಮ್ಮ ಫೋನ್ ಮಾಡಿ, ಅದೂ ಇದೂ ಏನೂ ಇಲ್ಲ, "ಜುಲೈಗೆ ನೀವು ಬರ್ತೀರಿ ಅಂತ ಬರೆದುಕೊಂಡಿದ್ದೀನಿ, ಈರುಳ್ಳಿ ನಿಮ್ಮದು" ಅಂದರು. ನನಗೆ ಸಿಟ್ಟು ಬಂತು. ಮನೆಯಲ್ಲಿ ಇಷ್ಟೆಲ್ಲ ಆಗಿದೆ, ಈ ಹಿರಿಯಮ್ಮನಿಗೆ ಈರುಳ್ಳಿ ಚಿಂತೆ. ಫೋನಿಟ್ಟಮೇಲೆ ಮನೆಯವರಿಗೆ ಹೇಳಿದರೆ ಅವರು ನಗಲು ಶುರು ಮಾಡಿದರು, ಎದೆ ಹೊಲಿಗೆ ನೋಯುತ್ತದೆ ಅಂತ ದಿಂಬು ಒತ್ತಿಕೊಂಡು ನಕ್ಕರು. ಆಪರೇಷನ್ ಆದಮೇಲೆ ಅವರು ನಕ್ಕಿದ್ದು ಅವತ್ತೇ ಮೊದಲು.

ಹೋದೆ. ಗ್ರಾಫ್ಟನ್ ಹತ್ತಿರ ಪ್ಲಾಸ್ತೊವಾ ಸಿಚ್ ಅಂತ ಜಾಗ, ಟೊರೊಂಟೊದಿಂದ ಪೂರ್ವಕ್ಕೆ. ಸಿಚ್ ಅಂದರೆ ಹಿಂದಿನ ಕಾಲದ ಕೊಸಾಕ್ ಯೋಧರ ಕೋಟೆ. ಬೆಳಗ್ಗೆ ಐದೂವರೆಗೆ ಎದ್ದು ಈರುಳ್ಳಿ ಹೆಚ್ಚುತ್ತಾ ಕೂತರೆ ಕಣ್ಣಲ್ಲಿ ನೀರು ಬಂದರೂ ಯಾರೂ ಯಾಕೆ ಅಂತ ಕೇಳುವುದಿಲ್ಲ. ಅದೆಷ್ಟು ಅನುಕೂಲ ಅಂತ ಹೇಳಲಾರೆ. ಆ ಹಿರಿಯಮ್ಮನಿಗೆ ಇದು ಮೊದಲೇ ಗೊತ್ತಿತ್ತು ಅಂತ ನನ್ನ ಅನುಮಾನ.

ಎದುರಿಗೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ತಾತನಿಗೂ ಒಂದು ಥ್ಯಾಂಕ್ಸ್. ಅವರು ಹುಟ್ಟಿದ್ದು ಎರಡನೇ ಮಹಾಯುದ್ಧ ಮುಗಿದಮೇಲೆ, ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ. ಅವರಪ್ಪ ಈಗಿನ ಉಕ್ರೇನಿನ ಲ್ವೀವ್‌ನಲ್ಲಿ ಹುಡುಗನಾಗಿದ್ದಾಗಲೇ ಪ್ಲಾಸ್ಟ್ ಸೇರಿದ್ದರಂತೆ. ಅದು ಶುರುವಾದದ್ದು ಅಲ್ಲೇ, 1911ರಲ್ಲಿ. 1912ರ ಏಪ್ರಿಲ್ 12ಕ್ಕೆ ಮೊದಲ ಪ್ರಮಾಣವಚನ. 1930ರಲ್ಲಿ, ಆಗ ಆ ಭಾಗವನ್ನು ಆಳುತ್ತಿದ್ದ ಪೋಲೆಂಡ್ ಸರ್ಕಾರ ನಿಷೇಧ ಹಾಕಿತು, ಆಮೇಲೆ ಸೋವಿಯತ್ತಿನವರು ಬಂದಮೇಲಂತೂ ಕೇಳೋದೇ ಬೇಡ. ಊರು ಬಿಟ್ಟವರು ನಿರಾಶ್ರಿತರ ಶಿಬಿರಗಳಲ್ಲಿ ಅದನ್ನೇ ಮತ್ತೆ ಕಟ್ಟಿದರು, ಅಲ್ಲಿಂದ ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ಅರ್ಜೆಂಟೀನಾ ಅಂತ ಹೋದ ಕಡೆಗೆಲ್ಲ ಹೊತ್ತುಕೊಂಡು ಹೋದರು. ತಾತ ಇದನ್ನೆಲ್ಲ ಭಾಷಣದ ಹಾಗೆ ಹೇಳಲಿಲ್ಲ. "ನಮಗೆ ದೇಶ ಇರಲಿಲ್ಲ, ಟೆಂಟ್ ಇತ್ತು" ಅಂದು ಇನ್ನೊಂದು ಆಲೂಗಡ್ಡೆ ತಗೊಂಡರು.

ಭಾಷೆ ವಿಷಯಕ್ಕೆ ಬಂದರೆ ಇವರು ಬಹಳ ಕಟ್ಟುನಿಟ್ಟು. ಶಿಬಿರದಲ್ಲಿ ಉಕ್ರೇನಿಯನ್ನೇ ಆಡಬೇಕು. ಮಗಳು ಅರ್ಧ ಕನ್ನಡದವಳು ಅಂತ ಒಂದು ದಿನವೂ ರಿಯಾಯಿತಿ ಕೊಡಲಿಲ್ಲ, ಹಾಗೆಯೇ ನನ್ನ ಉಚ್ಚಾರಣೆಗೆ ಒಂದು ದಿನವೂ ನಗಲಿಲ್ಲ. ಎರಡಕ್ಕೂ ಥ್ಯಾಂಕ್ಸ್. 2022ರ ನಂತರ ಉಕ್ರೇನಿನಿಂದ ಹೊಸ ಮಕ್ಕಳು ಬಂದಮೇಲೆ ಮಜಾ ಶುರುವಾಯಿತು. ಇಲ್ಲಿನವರು ಅಜ್ಜಿಯಿಂದ ಕಲಿತ ಹಾಗೆ ಫ್ರಿಜ್‌ಗೆ ಲೊದಿವ್ಕಾ ಅಂದರೆ ಬಂದವರಿಗೆ ನಗು, ಅವರು ಹೊಲೊದಿಲ್ನಿಕ್ ಅಂತಾರೆ. ಕೆಲವರ ಮನೆಮಾತು ರಷ್ಯನ್, ಅವರೂ ಇಲ್ಲಿಯ ಮಕ್ಕಳ ಹಾಗೆಯೇ ಪದ ಹುಡುಕುತ್ತಾ ತಡವರಿಸುತ್ತಿದ್ದರು. ನನಗೆ ನಮ್ಮ ಸೋದರಮಾವ ನೆನಪಾದರು, ಇಪ್ಪತ್ತೈದು ವರ್ಷದಿಂದ ಇಲ್ಲಿದ್ದು ಈಗಲೂ ಆಗಿನ ದಾವಣಗೆರೆ ಕನ್ನಡವನ್ನೇ ಮಾತಾಡುತ್ತಾರೆ. ಹೊಸಬರು ಮಾತಾಡದೆ ಕೂತ ಒಂದು ಮಳೆ ಸಂಜೆ ನಾನು ಮಂಡಕ್ಕಿ ಒಗ್ಗರಣೆ ಹಾಕಿದೆ. ಮೆಣಸಿನಕಾಯಿ ಸ್ವಲ್ಪ ಜಾಸ್ತಿಯಾಗಿ ಎಲ್ಲರೂ ಒಟ್ಟಿಗೆ ಕೆಮ್ಮಿದರು. ಪ್ಲಾಸ್ಟಿನಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು ಇರುತ್ತದೆ. ಅವತ್ತಿನಿಂದ ನಾನು ಪೆರೆತ್ಸ್, ಅಂದರೆ ಮೆಣಸು.

ಕೊನೇ ರಾತ್ರಿ ವಾತ್ರಾ, ಅಂದರೆ ಶಿಬಿರದ ಬೆಂಕಿ. ಎಲ್ಲರೂ ಸುತ್ತ ನಿಂತು ಕೈ ಕೈ ಹಿಡಿದು, ಒಬ್ಬರು ಪಕ್ಕದವರ ಕೈ ಅದುಮುತ್ತಾರೆ, ಅವರು ಇನ್ನೊಬ್ಬರದ್ದು, ಅದು ಒಂದು ಸುತ್ತು ಬಂದು ಮುಗಿಯುತ್ತದೆ. ಇದಕ್ಕೆ ಇಸ್ಕ್ರಾ ಅನ್ನುತ್ತಾರೆ, ಕಿಡಿ ಅಂತ. ಇಷ್ಟು ವರ್ಷ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಈ ಸಲ ಮಗಳು ಬಂದು ಏಪ್ರನ್ ಸಮೇತ ಎಳೆದುಕೊಂಡು ಹೋದಳು. ಒಂದು ಕಡೆ ಅವಳು, ಇನ್ನೊಂದು ಕಡೆ ನಮ್ಮ ಮನೆಯವರು, ಕುರ್ಚಿ ಬೇಡ ಅಂತ ಹಟ ಮಾಡಿ ನಿಂತಿದ್ದರು. ನನ್ನ ಕೈಯಲ್ಲಿ ಈರುಳ್ಳಿ ವಾಸನೆ.

ಮುಂದಿನ ಮೇನಲ್ಲೂ ಫೋನ್ ಮಾಡಿ ಹಿರಿಯಮ್ಮ. ಬರ್ತೀನಿ. ಮಗಳು ಆಗ ಯೂನಿವರ್ಸಿಟಿಗೆ ಹೋಗಿರುತ್ತಾಳೆ, ಆದರೂ ಬರ್ತೀನಿ. ಈರುಳ್ಳಿ ಮಾತ್ರ ತಾತನಿಗೆ ಕೊಡಿ, ನನಗೆ ಆಲೂಗಡ್ಡೆ ಸಾಕು.